ವಂಶವಾಹಿಗಿಂತ ಮೊದಲು ವಯಸ್ಸು

ಕೊಪ್ಪಳ ಜಿಲ್ಲೆಯ ಹಳ್ಳಿಗಳಲ್ಲಿ ತೊಂಬತ್ತು ದಾಟಿದವರ ರಕ್ತದ ಮಾದರಿ ಸಂಗ್ರಹಿಸಿ, ದೀರ್ಘಾಯುಷ್ಯಕ್ಕೂ ವಂಶವಾಹಿಗಳಿಗೂ ಇರುವ ನಂಟನ್ನು ಹುಡುಕಲು 2019ರಲ್ಲಿ ಹೊರಟಾಗ, ಕಷ್ಟವೆಲ್ಲ ಪ್ರಯೋಗಾಲಯದಲ್ಲಿ ಎದುರಾಗುತ್ತದೆಂದು ತಿಳಿದಿದ್ದೆ. ಅದು ಮನೆಯ ಕಟ್ಟೆಯ ಮೇಲೆಯೇ ಎದುರಾಯಿತು. ನಾವು ಭೇಟಿ ಮಾಡಿದ ಹಿರಿಯರಲ್ಲಿ ಜನನ ದಾಖಲೆ ಇದ್ದವರು ಒಬ್ಬರೂ ಇರಲಿಲ್ಲ. ಆಧಾರ್ ಕಾರ್ಡುಗಳಲ್ಲಿ ಬಹುಪಾಲು ಎಲ್ಲರೂ ಜನವರಿ 1ರಂದೇ ಹುಟ್ಟಿದ್ದರು.

ಹೀಗಾಗಿ ಊರಿನ ನೆನಪುಗಳನ್ನೇ ದಾಖಲೆ ಮಾಡಿಕೊಂಡೆವು. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ 1948ರ ಪೊಲೀಸ್ ಕಾರ್ಯಾಚರಣೆಗೆ ಮುಂಚಿನ, ನಿಜಾಮನ ಪರವಾದ ರಜಾಕಾರರ ಹಾವಳಿ, 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟು ಇವೆರಡೂ ಇಲ್ಲಿಯ ಯಾರೂ ಮರೆಯದ ಗುರುತುಗಳು. ಕಾರ್ಡಿನ ಪ್ರಕಾರ ನೂರೊಂದು ವರ್ಷದ ಒಬ್ಬ ಅಜ್ಜಿಯನ್ನು, "ಯಮ್ಮಾ, ರಜಾಕಾರರ ಗದ್ದಲದಾಗ ನಿಮ್ಮ ಮದುವಿ ಆಗಿತ್ತೇನ್ರಿ?" ಎಂದು ಕೇಳಿದೆ. "ಎಲ್ಲೀದಪ್ಪಾ, ನಾ ಇನ್ನೂ ದೊಡ್ಡಾಕಿನ ಆಗಿದ್ದಿಲ್ಲ. ನಮ್ಮವ್ವ ನನ್ನ ಹಗೇವಿನಾಗ ಇಳಿಸಿ ಮ್ಯಾಲ ಕಲ್ಲು ಮುಚ್ಚಿದ್ಲು" ಎಂದರು. ಹಗೇವು ಎಂದರೆ ಕಾಳು ತುಂಬಿಡುವ ನೆಲದೊಳಗಿನ ಗುಂಡಿ. ಆಗಿನ್ನೂ ಮೈನೆರೆಯದ ಹುಡುಗಿ ಅಂದರೆ ಈಗ ಅವರ ವಯಸ್ಸು ಎಂಬತ್ತೈದರೊಳಗೇ. ಚಹಾ ಕುಡಿದು, ಮಾದರಿ ತೆಗೆದುಕೊಳ್ಳದೆ ಹಿಂದಿರುಗಿದೆವು. ಡೆನ್ಮಾರ್ಕಿನ ಅವಳಿಗಳ 1996ರ ಅಧ್ಯಯನದಂತೆ ಆಯುಷ್ಯದ ವ್ಯತ್ಯಾಸದಲ್ಲಿ ಅನುವಂಶೀಯತೆಯ ಪಾಲು ಸುಮಾರು ಕಾಲು ಭಾಗ. ಅದೂ ನೂರಾರು ವಂಶವಾಹಿಗಳಲ್ಲಿ ಹಂಚಿಹೋಗಿರುವಾಗ, ಇಂತಹ ಹತ್ತಾರು ತಪ್ಪು ವಯಸ್ಸುಗಳು ಸೇರಿದರೆ ಇರುವ ಸುಳಿವೂ ಅಳಿಸಿಹೋಗುತ್ತದೆ.

ಸೋದರಮಾವನಿಗೆ ಹೆಣ್ಣು ಕೊಡುವ ರೂಢಿ ಇಲ್ಲಿರುವುದರಿಂದ, ಬೇರೆ ಬೇರೆ ಮನೆಯವರೆಂದು ಬರೆದುಕೊಂಡವರು ರಕ್ತಸಂಬಂಧಿಗಳೇ ಆಗಿರುತ್ತಿದ್ದರು. ಆ ನಂಟನ್ನೂ ಲೆಕ್ಕದಲ್ಲಿ ಕಳೆಯಬೇಕಾಯಿತು.

ಇಷ್ಟು ಜಾಗರೂಕರಾಗಿದ್ದೂ ನಾವು ಎಡವಿದ್ದು ಬೇರೆ ಕಡೆ. ಹಿರಿಯರ ಮಾದರಿಗಳು ಮೊದಲು ಬಂದವೆಂದು ಅವನ್ನು ಮೊದಲೇ ಪರೀಕ್ಷೆಗೆ ಹಾಕಿ, ಹೋಲಿಕೆಗೆ ಬೇಕಾದ ಕಿರಿಯರ ಮಾದರಿಗಳನ್ನು ಆರು ತಿಂಗಳ ನಂತರ ಬೇರೆ ಚಿಪ್‌ಗಳ (ಡಿಎನ್‌ಎಯಲ್ಲಿನ ಲಕ್ಷಾಂತರ ಗುರುತುಗಳನ್ನು ಒಮ್ಮೆಗೇ ಓದುವ ಫಲಕಗಳ) ಮೇಲೆ ಓಡಿಸಿದೆವು. ಫಲಿತಾಂಶದಲ್ಲಿ ಎಲ್ಲೆಲ್ಲೂ ವ್ಯತ್ಯಾಸ ಕಂಡಿತು. ಎರಡು ದಿನ ಸಂಭ್ರಮಿಸಿದ್ದೂ ನಿಜ. ಆದರೆ ವರ್ಣತಂತುವಿನಲ್ಲಿ ಅಕ್ಕಪಕ್ಕದ ಗುರುತುಗಳು ಸಾಮಾನ್ಯವಾಗಿ ಒಟ್ಟಿಗೇ ಹರಿದುಬರುವುದರಿಂದ, ನಿಜವಾದ ಸುಳಿವಾದರೆ ಅದರ ನೆರೆಯ ಗುರುತುಗಳೂ ಜೊತೆಗೇ ತಲೆ ಎತ್ತಬೇಕು. ಇಲ್ಲಿ ಪ್ರತಿಯೊಂದೂ ಒಂಟಿಯಾಗಿ ನಿಂತಿತ್ತು. ಅಂದರೆ ನಮಗೆ ಕಂಡದ್ದು ಚಿಪ್‌ಗಳ ನಡುವಿನ ವ್ಯತ್ಯಾಸ, ವಯಸ್ಸಿನದ್ದಲ್ಲ. ಶತಾಯುಷಿಗಳ ಬಗ್ಗೆ 'ಸೈನ್ಸ್' ಪತ್ರಿಕೆಯಲ್ಲಿ 2010ರಲ್ಲಿ ಬಂದ ಪ್ರಬಂಧವೊಂದನ್ನು ಚಿಪ್‌ನ ದೋಷದ ಕಾರಣ ಮರುವರ್ಷವೇ ಹಿಂತೆಗೆದುಕೊಂಡದ್ದು ಆಗ ನೆನಪಾಯಿತು.

ಹಿರಿಯರ ಮತ್ತು ಕಿರಿಯರ ಮಾದರಿಗಳನ್ನು ಪ್ರಯೋಗಾಲಯದ ಒಂದೇ ತಟ್ಟೆಯ ಬೇರೆ ಬೇರೆ ಗುಳಿಗಳಲ್ಲಿ ಅಕ್ಕಪಕ್ಕ ಇಟ್ಟು ಮತ್ತೆ ಓಡಿಸಿದಾಗ ಉಳಿದದ್ದು, ಕೊಬ್ಬನ್ನು ಸಾಗಿಸುವ ಪ್ರೋಟೀನಿನ ವಂಶವಾಹಿಯಾದ ಎಪಿಒಇ ಒಂದೇ. ಬೇರೆಡೆ ಕಂಡಂತೆಯೇ, ಮರೆವಿನ ಕಾಯಿಲೆ ಆಲ್‌ಝೈಮರ್‌ನ ಅಪಾಯ ಹೆಚ್ಚಿಸುವ ಅದರ ಇ4 ರೂಪ ನಮ್ಮ ಹಿರಿಯರಲ್ಲಿಯೂ ವಿರಳವಾಗಿತ್ತು, ಆದರೆ ಗಟ್ಟಿಯಾಗಿ ಹೇಳಲು ಮಾದರಿಗಳು ಸಾಲಲಿಲ್ಲ. ಈಗ ರಾಯಚೂರು ಕಡೆಯ ಹಳ್ಳಿಗಳಿಗೂ ಹೋಗುತ್ತಿದ್ದೇವೆ. ಪ್ರಶ್ನಾವಳಿಯಲ್ಲಿ ಹಗೇವಿನ ಪ್ರಶ್ನೆಯೂ ಸೇರಿದೆ.