ಹಳೇ ಷೆವರ್ಲೆ ಪಿಕಪ್‌ಗೆ ಪವರ್ ಸ್ಟೀರಿಂಗ್ ಹಾಕಿದ್ದು: ನನ್ನ ಅನುಭವ

ಹಳೇ ಗಾಡಿಗೆ ಪವರ್ ಸ್ಟೀರಿಂಗ್ ಹಾಕಬೇಕು ಅಂತ ಯಾರಾದರೂ ಕೇಳಿದರೆ ನಾನು ಮೊದಲು ಹೇಳುವುದು ಇಷ್ಟೇ: ಆಯಿಲ್ ಒತ್ತುವ ಪಂಪು, ಸ್ಟೀರಿಂಗ್ ತಿರುವನ್ನು ಚಕ್ರದ ಕಡೆಗೆ ದಾಟಿಸುವ ಸ್ಟೀರಿಂಗ್ ಬಾಕ್ಸು ಕೊಳ್ಳುವ ಮುಂಚೆ ಮುಂದಿನ ಎರಡು ಚಕ್ರ ಎತ್ತಿ, ಗಾಡಿ ಕೆಳಗೆ ಮಲಗಿ ನೋಡಿ. ಬಾಲ್ ಜಾಯಿಂಟ್ (ಚಕ್ರ ತಿರುಗಲು ಬಿಡುವ ಗುಂಡು ಕೀಲು) ಸವೆದಿದೆಯಾ, ಟೈ ರಾಡ್ ಎಂಡ್ (ಚಕ್ರ ತಿರುಗಿಸುವ ಸರಳಿನ ತುದಿಯ ಕೀಲು) ಆಡುತ್ತದೆಯಾ, ಗ್ರೀಸ್ ಕಂಡು ಎಷ್ಟು ಕಾಲ ಆಯಿತು ಅಂತ ನೋಡಿ. ಸವೆದ ಮುಂಭಾಗವನ್ನು ಪವರ್ ಸ್ಟೀರಿಂಗ್ ಸರಿ ಮಾಡುವುದಿಲ್ಲ, ಅದನ್ನು ನಿಮ್ಮ ಕೈಯಿಂದ ಮುಚ್ಚಿಡುತ್ತದೆ. ಮ್ಯಾನುಯಲ್ ಸ್ಟೀರಿಂಗ್‌ನಲ್ಲಿ ಒಂದು ಜಾಯಿಂಟ್ ಹಿಡಿದುಕೊಂಡರೆ ತೋಳಿಗೆ ಗೊತ್ತಾಗುತ್ತದೆ. ಪವರ್ ಬಂದ ಮೇಲೆ ಆ ಸುದ್ದಿ ಕೈಗೆ ತಲುಪುವುದೇ ಇಲ್ಲ.

ನಾನಿರುವುದು ಅಮೆರಿಕದ ಟೆಕ್ಸಾಸ್‌ನಲ್ಲಿ. ನನ್ನ ಗಾಡಿ 1970ರ ಷೆವರ್ಲೆ ಸಿ-10, ಟೂ ವೀಲ್ ಡ್ರೈವ್, 307 ಕ್ಯೂಬಿಕ್ ಇಂಚಿನ ವಿ8, ಅಂದರೆ ಎಂಟು ಸಿಲಿಂಡರ್ ಎಂಜಿನ್. 1967ರಿಂದ 1972ರವರೆಗೆ ಬಂದ ಈ ಮಾದರಿಯ ಪಿಕಪ್‌ಗಳನ್ನು ಇಲ್ಲಿ ಜನ ಇವತ್ತಿಗೂ ಪ್ರೀತಿಯಿಂದ ಇಟ್ಟುಕೊಂಡಿದ್ದಾರೆ. ಓಡುವಾಗ ಸ್ಟೀರಿಂಗ್ ಬಗ್ಗೆ ನನಗೆ ದೂರು ಇರಲಿಲ್ಲ. ಕಷ್ಟ ಇದ್ದದ್ದು ನಿಂತಲ್ಲಿ ತಿರುಗಿಸುವಾಗ. ಮುಂದೆ ಎರಕದ ಕಬ್ಬಿಣದ ವಿ8, ಕೆಳಗೆ ಈಗಿನ ಕಾಲದ ಅಗಲ ರೇಡಿಯಲ್ ಟೈರು. ಈ ಗಾಡಿ ಹುಟ್ಟಿದ ಕಾಲದ ಟೈರು ಇದಕ್ಕಿಂತ ತೆಳ್ಳಗಿತ್ತು. ಅಂಗಡಿ ಮುಂದೆ ಪಾರ್ಕ್ ಮಾಡಬೇಕೆಂದರೆ ಸೀಟಿಂದ ಎದ್ದು ಎಳೆಯಬೇಕಿತ್ತು. ನನ್ನ ಹೆಂಡತಿಗೆ ಈ ಗಾಡಿ ಓಡಿಸುವುದೆಂದರೆ ಇಷ್ಟ, ಆದರೆ "ರೀ, ಪಾರ್ಕ್ ಮಾಡೋದು ಮಾತ್ರ ನೀವೇ ಮಾಡಿ" ಅಂತ ಕೀ ಕೊಟ್ಟುಬಿಡುತ್ತಿದ್ದಳು. ಅವಳು ಒಬ್ಬಳೇ ತೆಗೆದುಕೊಂಡು ಹೋಗುವಂತೆ ಆಗಬೇಕು ಅನ್ನುವುದೇ ಈ ಕೆಲಸಕ್ಕೆ ಕೈ ಹಾಕಲು ನಿಜವಾದ ಕಾರಣ.

ದಾರಿಗಳು ಮೂರು ಇದ್ದವು. ಡ್ಯಾಶ್‌ಬೋರ್ಡ್ ಕೆಳಗೆ, ಸ್ಟೀರಿಂಗ್‌ನಿಂದ ಬಾಕ್ಸ್ ಕಡೆಗೆ ಇಳಿಯುವ ಸ್ಟೀರಿಂಗ್ ಕಾಲಂನಲ್ಲೇ ಕೂರಿಸುವ ಎಲೆಕ್ಟ್ರಿಕ್ ಮೋಟರ್ ಒಂದು. ಎಲ್ಲವೂ ಹೊಸದಾಗಿ ಬರುವ ಕಿಟ್ ಇನ್ನೊಂದು. ಮೂರನೆಯದು, ಫ್ಯಾಕ್ಟರಿಯಿಂದಲೇ ಪವರ್ ಸ್ಟೀರಿಂಗ್ ಹಾಕಿಸಿಕೊಂಡು ಬಂದ ಇದೇ ಮಾದರಿಯ ಗಾಡಿಯನ್ನು ಗುಜರಿಯಲ್ಲಿ ಹುಡುಕಿ, ಅದರ ಸಾಮಾನು ತರುವುದು. ಆ ಕಾಲದಲ್ಲೇ ಷೆವರ್ಲೆಯ ಒಡೆಯರಾದ ಜನರಲ್ ಮೋಟರ್ಸ್ ಇದಕ್ಕೆ ಪವರ್ ಸ್ಟೀರಿಂಗನ್ನು ಆಯ್ಕೆಯಾಗಿ ಕೊಡುತ್ತಿತ್ತು. ಅಂದಮೇಲೆ ಬ್ರಾಕೆಟ್, ಪುಲ್ಲಿ, ಶಾಫ್ಟ್ ಎಲ್ಲವನ್ನೂ ಅವರ ಎಂಜಿನಿಯರ್‌ಗಳೇ ಲೆಕ್ಕ ಹಾಕಿ ಮಾಡಿಟ್ಟಿದ್ದಾರೆ. ನಾವ್ಯಾಕೆ ಹೊಸದಾಗಿ ತಲೆ ಕೆಡಿಸಿಕೊಳ್ಳಬೇಕು, ಅಲ್ವಾ? ನಾನು ಮೂರನೆಯದನ್ನೇ ಹಿಡಿದೆ.

ಹಾಗೆ ಹಿಡಿದವರು ಒಂದು ವಿಷಯದಲ್ಲಿ ಹಟ ಮಾಡಬೇಕು. ಎಲ್ಲಾ ಸಾಮಾನು ಒಂದೇ ಗಾಡಿಯಿಂದ ಬರಲಿ. ಬಾಕ್ಸ್ ಒಂದು ಕಡೆ, ಪಂಪ್ ಇನ್ನೊಂದು ಕಡೆ ಅಂತ ತಂದರೆ ಒಂದಕ್ಕೊಂದು ಹೊಂದುವುದಿಲ್ಲ. ಜನರಲ್ ಮೋಟರ್ಸ್‌ನ ಸ್ಯಾಗಿನಾ ವಿಭಾಗ ಮಾಡಿದ ಪವರ್ ಬಾಕ್ಸ್ ಹೊರಗಿನಿಂದ ನೋಡಿದರೆ ಎಲ್ಲಾ ಒಂದೇ ತರ ಕಾಣುತ್ತದೆ. ಆದರೆ ಹಳೆಯದರ ಇನ್‌ಪುಟ್ ಶಾಫ್ಟ್ 13/16 ಇಂಚು, ಆಮೇಲಿನದು 3/4 ಇಂಚು. ಹಳೆಯ ಹೋಸ್‌ಗಳ ತುದಿ ಫ್ಲೇರ್ ಮಾಡಿದ್ದು (ಬಾಯಿ ಅಗಲಿಸಿದ್ದು), 1980ರ ಆಸುಪಾಸಿನ ಹೊತ್ತಿಗೆ ಅದು ಓ-ರಿಂಗ್ (ರಬ್ಬರ್ ಉಂಗುರ) ಮತ್ತು ಮೆಟ್ರಿಕ್ ತಿರುಪಿಗೆ ಬದಲಾಯಿತು. ಪಂಪ್ ಬ್ರಾಕೆಟ್ ಕೂಡ ಎಂಜಿನ್ನಿನ ವಾಟರ್ ಪಂಪ್ ಗಿಡ್ಡದೋ ಉದ್ದದೋ ಅನ್ನುವುದರ ಮೇಲೆ ಬೇರೆ ಬೇರೆ. ಹಾಗಾಗಿ ನನ್ನ ಪಟ್ಟಿಯಲ್ಲಿ ಬಾಕ್ಸ್, ಪಿಟ್‌ಮನ್ ಆರ್ಮ್ (ಬಾಕ್ಸ್‌ನಿಂದ ಚಕ್ರದ ಕಡೆಯ ಸರಳುಗಳನ್ನು ತಳ್ಳುವ ತೋಳು), ರ‍್ಯಾಗ್ ಜಾಯಿಂಟ್ (ಕಾಲಂ ಮತ್ತು ಬಾಕ್ಸ್ ಸೇರಿಸುವ ಬಿಲ್ಲೆ), ಸ್ಟೀರಿಂಗ್ ಕಾಲಂ, ಪಂಪ್, ಅದರ ಬ್ರಾಕೆಟ್‌ಗಳು, ಕ್ರ್ಯಾಂಕ್ ಪುಲ್ಲಿ ಇದ್ದವು. ಕೊನೆಗೆ ಆ ಬೋಲ್ಟುಗಳೂ ಇದ್ದವು. ಬ್ರಾಕೆಟ್ ಬೋಲ್ಟುಗಳ ಉದ್ದ ಒಂದೊಂದೂ ಬೇರೆ. ಅವನ್ನು ಬಿಡಿ ಚೀಲಗಳಲ್ಲಿ ಹಾಕಿ ಹೆಸರು ಬರೆದಿಟ್ಟೆ.

ಗುಜರಿಯಲ್ಲಿ ಬಿಚ್ಚುವಾಗ ಒಂದು ರಟ್ಟಿನ ತುಂಡು ಇಟ್ಟುಕೊಂಡು, ಆ ಗಾಡಿಯ ಚಾಸಿಯಲ್ಲಿ ಬಾಕ್ಸ್ ಕೂರುವ ತೂತುಗಳನ್ನು ಗುರುತು ಮಾಡಿಕೊಂಡು ಬಂದೆ. ಮನೆಯಲ್ಲಿ ಅದನ್ನು ನನ್ನ ಚಾಸಿಗೆ ಹಿಡಿದು ನೋಡಿದ ಮೇಲೆಯೇ ಹಳೇ ಬಾಕ್ಸ್ ಬಿಚ್ಚಿದ್ದು. ಆ ಜಾಗವನ್ನು ವೈರ್ ಬ್ರಷ್‌ನಿಂದ ಉಜ್ಜಿ ಬಿರುಕು ಇದೆಯಾ ಅಂತಲೂ ನೋಡಬೇಕು. 1973ರ ನಂತರದ ಫೋರ್ ವೀಲ್ ಡ್ರೈವ್ ಷೆವರ್ಲೆಗಳಲ್ಲಿ ಬಾಕ್ಸ್ ಕೂರುವ ಕಡೆ ಚಾಸಿ ಸೀಳುವುದು ಹೆಸರುವಾಸಿ ಕಾಯಿಲೆ. ನನ್ನದು ಆ ಮಾದರಿ ಅಲ್ಲ, ಆದರೂ ನೋಡಿದೆ. ಪವರ್ ಬಂದ ಮೇಲೆ ಆ ಜಾಗಕ್ಕೆ ಬೀಳುವ ಎಳೆತ ಜಾಸ್ತಿಯೇ.

ಬಾಕ್ಸನ್ನು ಹಾಗೇ ಹಾಕಲಿಲ್ಲ, ರೀಬಿಲ್ಡ್ ಮಾಡುವವರ ಕೈಗೆ ಕೊಟ್ಟೆ. ಇದರ ಒಳಗೆ ಏನಿದೆ ಅಂತ ಸ್ವಲ್ಪ ಹೇಳಬೇಕು, ಯಾಕೆಂದರೆ ಅದು ತಿಳಿದರೆ ಮುಂದಿನ ಎಷ್ಟೋ ಕೆಲಸಕ್ಕೆ ಅರ್ಥ ಸಿಗುತ್ತದೆ. ಮ್ಯಾನುಯಲ್ ಬಾಕ್ಸ್‌ನಲ್ಲಿ ಒಂದು ವರ್ಮ್, ಅಂದರೆ ತಿರುಪಿನಂಥ ಶಾಫ್ಟ್, ತಿರುಗುತ್ತದೆ, ಅದರ ಮೇಲೆ ಸಣ್ಣ ಸ್ಟೀಲ್ ಗುಂಡುಗಳ ಸಾಲಿನ ಮೂಲಕ ಒಂದು ನಟ್ಟು ಹಿಂದೆ ಮುಂದೆ ಹೋಗುತ್ತದೆ, ಅದರ ಹಲ್ಲು ಪಿಟ್‌ಮನ್ ಶಾಫ್ಟನ್ನು ತಿರುಗಿಸುತ್ತದೆ. ಪವರ್ ಬಾಕ್ಸ್‌ನಲ್ಲಿ ಆ ನಟ್ಟೇ ಪಿಸ್ಟನ್ ಕೂಡ. ಒಂದು ಕಡೆಯಿಂದ ಆಯಿಲ್ ಒತ್ತಿದರೆ ಎಡಕ್ಕೆ, ಇನ್ನೊಂದು ಕಡೆಯಿಂದ ಒತ್ತಿದರೆ ಬಲಕ್ಕೆ. ಯಾವ ಕಡೆ ಒತ್ತಬೇಕು ಅಂತ ತೀರ್ಮಾನ ಮಾಡುವುದು ಟಾರ್ಷನ್ ಬಾರ್, ಪೆನ್ಸಿಲ್‌ಗಿಂತ ತೆಳ್ಳಗಿನ ಒಂದು ಸ್ಟೀಲ್ ಕಡ್ಡಿ. ನೀವು ಸ್ಟೀರಿಂಗ್ ತಿರುಗಿಸಿದಾಗ ಚಕ್ರ ತಡೆದರೆ ಆ ಕಡ್ಡಿ ಚೂರು ತಿರುಚಿಕೊಳ್ಳುತ್ತದೆ. ಆ ತಿರುಚಿನಷ್ಟು ವಾಲ್ವ್ ತೆರೆದುಕೊಳ್ಳುತ್ತದೆ. ಎಂಜಿನ್ ನಿಂತರೂ, ಬೆಲ್ಟ್ ಹರಿದರೂ ಸ್ಟೀರಿಂಗ್‌ನಿಂದ ಚಕ್ರದವರೆಗಿನ ಲೋಹದ ಕೊಂಡಿ ತಪ್ಪುವುದಿಲ್ಲ. ಭಾರ ಆಗುತ್ತದೆ ಅಷ್ಟೇ, ಗಾಡಿ ನಿಮ್ಮ ಮಾತು ಕೇಳುತ್ತದೆ. ಹೆಂಡತಿಗೆ ಇದನ್ನು ಮೊದಲೇ ತಿಳಿಸಿ ಹೇಳಿದ್ದೆ.

ಪಿಯರ್ಸ್-ಆರೋ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಫ್ರಾನ್ಸಿಸ್ ಡೇವಿಸ್ 1926ರಲ್ಲೇ ಹೈಡ್ರಾಲಿಕ್ ಪವರ್ ಸ್ಟೀರಿಂಗ್ ಮಾಡಿ ತೋರಿಸಿದ್ದರು. ಜನ ದುಡ್ಡು ಕೊಟ್ಟು ಕೊಳ್ಳುವ ಕಾರಿಗೆ ಅದು ಬಂದದ್ದು 1951ರಲ್ಲಿ, ಕ್ರೈಸ್ಲರ್ ಇಂಪೀರಿಯಲ್‌ಗೆ. ಅಷ್ಟು ವರ್ಷ ಒಂದು ಒಳ್ಳೆಯ ಕೆಲಸ ಕಪಾಟಿನಲ್ಲೇ ಕೂತಿತ್ತು ಅಂದರೆ ನನಗೆ ಈಗಲೂ ಬೇಜಾರಾಗುತ್ತದೆ.

ನನ್ನ ಗಾಡಿಯ ಕಾಲದ ಅಮೆರಿಕನ್ ಪವರ್ ಸ್ಟೀರಿಂಗ್ ತೀರಾ ಹಗುರ. ಒಂದು ಬೆರಳಲ್ಲಿ ತಿರುಗುತ್ತದೆ, ಆದರೆ ರಸ್ತೆಯ ಸುಳಿವೇ ಸಿಗುವುದಿಲ್ಲ. ಅದಕ್ಕೆ ರೀಬಿಲ್ಡ್ ಮಾಡುವವರಿಗೆ ಸ್ವಲ್ಪ ದಪ್ಪ ಟಾರ್ಷನ್ ಬಾರ್ ಇರುವ ವಾಲ್ವ್ ಹಾಕಿ ಅಂತ ಕೇಳಿದೆ. ಕಡ್ಡಿ ದಪ್ಪ ಆದಷ್ಟೂ ಕೈಗೆ ಬಿಗಿ ಸಿಗುತ್ತದೆ. ಇಡೀ ಕೆಲಸದಲ್ಲಿ ನನಗೆ ಅತಿ ಖುಷಿ ಕೊಟ್ಟ ನಿರ್ಧಾರ ಇದು. ಮಾಡುವವರಿದ್ದರೆ ನೀವೂ ಕೇಳಿ ಮಾಡಿಸಿಕೊಳ್ಳಿ.

ಇನ್ನು ಬಿಚ್ಚುವ ಕೆಲಸ. ಬ್ಯಾಟರಿ ಕೇಬಲ್ ತೆಗೆದು, ಚಕ್ರ ನೆಟ್ಟಗೆ ಮಾಡಿ, ಮುಂಭಾಗವನ್ನು ಸ್ಟ್ಯಾಂಡ್ ಮೇಲೆ ಇಟ್ಟು ಶುರು ಮಾಡಿದೆ. ಬರೀ ಜ್ಯಾಕ್ ನಂಬಿ ಕೆಳಗೆ ಹೋಗಬೇಡಿ. ಪಿಟ್‌ಮನ್ ಆರ್ಮ್ ಮಾತ್ರ ಸುಲಭಕ್ಕೆ ಬರುವ ಸಾಮಾನಲ್ಲ. ಅರ್ಧ ಶತಮಾನ ಅಲ್ಲೇ ಕೂತಿದೆ. ಹಿಂದಿನ ದಿನವೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟಿದ್ದೆ. ನಟ್ಟನ್ನು ಪೂರ್ತಿ ತೆಗೆಯದೆ ನಾಲ್ಕೈದು ಸುತ್ತು ಬಿಟ್ಟುಕೊಂಡು ಪುಲ್ಲರ್ ಹಾಕಿ ಬಿಗಿ ಮಾಡಿದೆ. ಅಲುಗಲಿಲ್ಲ. ಇನ್ನಷ್ಟು ಬಿಗಿ ಮಾಡಿ ಹಾಗೇ ಬಿಟ್ಟು ಬೇರೆ ಕೆಲಸ ನೋಡಿಕೊಂಡೆ. ಆಮೇಲೆ ಬಂದು ಆರ್ಮ್‌ನ ಪಕ್ಕಕ್ಕೆ ಸುತ್ತಿಗೆಯಲ್ಲಿ ಒಂದು ಪೆಟ್ಟು ಕೊಟ್ಟಾಗ ಗುಂಡು ಹೊಡೆದಂಥ ಸದ್ದಿನೊಂದಿಗೆ ಕಿತ್ತು ಬಂತು. ನಟ್ಟು ಅಲ್ಲಿದ್ದದ್ದಕ್ಕೆ ಆರ್ಮ್ ಹಾರಿ ಮುಖಕ್ಕೆ ಬರಲಿಲ್ಲ. ಅದಕ್ಕೇ ಅದನ್ನು ಪೂರ್ತಿ ತೆಗೆಯಬಾರದು ಅನ್ನುವುದು. ಬಾಲ್ ಜಾಯಿಂಟ್, ಟೈ ರಾಡ್ ಎಂಡ್, ಐಡ್ಲರ್ ಆರ್ಮ್ (ಸರಳುಗಳ ಇನ್ನೊಂದು ತುದಿಯನ್ನು ಹೊತ್ತ ತೋಳು) ಮೂರನ್ನೂ ಇದೇ ಹೊತ್ತಿನಲ್ಲಿ ಹೊಸದು ಹಾಕಿದೆ.

ಪವರ್ ಬಾಕ್ಸ್ ಮ್ಯಾನುಯಲ್‌ಗಿಂತ ಉದ್ದ, ವಾಲ್ವ್ ಕೂರುವ ಜಾಗ ಅದರ ಮೇಲ್ಗಡೆಗೆ ಸೇರಿಕೊಂಡಿರುತ್ತದೆ. ಆದ್ದರಿಂದ ಕಾಲಂನ ಶಾಫ್ಟ್ ಗಿಡ್ಡದಾಗಬೇಕು. ಎಷ್ಟೋ ಜನ ಹಳೇ ಶಾಫ್ಟನ್ನೇ ಕತ್ತರಿಸಿ ಬೆಸುಗೆ ಹಾಕುತ್ತಾರೆ. ನಾನು ಅದಕ್ಕೆ ಒಪ್ಪುವುದಿಲ್ಲ. ಸ್ಟೀರಿಂಗ್ ಶಾಫ್ಟ್ ಬೆಸುಗೆ ಬಿಟ್ಟರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ನನಗೆ ಗುಜರಿ ಗಾಡಿಯ ಕಾಲಂ ಪೂರ್ತಿ ಸಿಕ್ಕಿದ್ದರಿಂದ ಈ ತಾಪತ್ರಯವೇ ಬರಲಿಲ್ಲ. ಕಾಲಂ ಮತ್ತು ಬಾಕ್ಸ್ ಸೇರುವ ಕಡೆ ಇರುವ ರ‍್ಯಾಗ್ ಜಾಯಿಂಟ್, ಅಂದರೆ ಬಟ್ಟೆ ಸೇರಿಸಿದ ರಬ್ಬರ್ ಬಿಲ್ಲೆ, ಹಳೆಯದಾದರೆ ಅಂಚು ಸೀಳಿರುತ್ತದೆ. ಅದನ್ನು ಹೊಸದೇ ಹಾಕಿ. ಅದರ ಎರಡು ಬೋಲ್ಟುಗಳು ಬೇಕಂತಲೇ ಬೇರೆ ಬೇರೆ ದಪ್ಪ, ಕಾಲಂ ತಲೆಕೆಳಗಾಗಿ ಕೂರಬಾರದು ಅಂತ.

ಬಾಕ್ಸ್ ಕೂರಿಸುವ ಮುಂಚೆ ಅದರ ನಡುಮಧ್ಯ ಹುಡುಕಬೇಕು. ಈ ತುದಿಯಿಂದ ಆ ತುದಿಗೆ ಎಷ್ಟು ಸುತ್ತು ಅಂತ ಎಣಿಸಿ, ಅರ್ಧ ವಾಪಸ್ ಬನ್ನಿ. ಅಲ್ಲಿ ನಿಲ್ಲಿಸಿ, ಚಕ್ರ ನೆಟ್ಟಗಿಟ್ಟು, ಪಿಟ್‌ಮನ್ ಆರ್ಮ್ ಹಾಕಿ. ಆರ್ಮ್ ಕೂಡ ಪವರ್ ಗಾಡಿಯದೇ ಆಗಬೇಕು. ಕೊನೆಗೆ ಸ್ಟೀರಿಂಗ್ ಸ್ವಲ್ಪ ಓರೆ ಕೂತರೆ ಸ್ಟೀರಿಂಗ್ ಕಿತ್ತು ಬೇರೆ ಹಲ್ಲಿಗೆ ಕೂರಿಸಬೇಡಿ. ಎರಡೂ ಕಡೆಯ ಟೈ ರಾಡ್ ಸ್ಲೀವ್‌ಗಳನ್ನು ಸಮವಾಗಿ ತಿರುಗಿಸಿ ನೆಟ್ಟಗೆ ತನ್ನಿ. ಹಾಗೆ ಮಾಡಿದರೆ ನೇರ ಹೋಗುವಾಗ ಬಾಕ್ಸ್ ತನ್ನ ಮಧ್ಯದಲ್ಲೇ ಇರುತ್ತದೆ. ಬಾಕ್ಸ್‌ನ ಹಲ್ಲು ಅತಿ ಬಿಗಿಯಾಗಿ ಕೂರುವುದು ಆ ಮಧ್ಯದಲ್ಲಿ, ಪ್ಲೇ, ಅಂದರೆ ಸಡಿಲ, ಕಡಿಮೆ ಇರುವುದೂ ಅಲ್ಲೇ.

ಪಂಪ್ ಕೂರಿಸುವುದರಲ್ಲಿ ದೊಡ್ಡ ವಿಶೇಷ ಇಲ್ಲ. ಬೆಲ್ಟ್ ಕೂರುವ ತೋಡು ಕ್ರ್ಯಾಂಕ್ ಪುಲ್ಲಿಯಲ್ಲೂ ಪಂಪ್ ಪುಲ್ಲಿಯಲ್ಲೂ ಒಂದೇ ಗೆರೆಯಲ್ಲಿದೆಯಾ ಅಂತ ನೆಟ್ಟಗಿನ ಪಟ್ಟಿ ಇಟ್ಟು ನೋಡಿ. ಬೆಲ್ಟ್ ಬಿಗಿ ಮಾಡುವಾಗ ಪಂಪ್‌ನ ಆಯಿಲ್ ಡಬ್ಬಿಗೆ ರಾಡ್ ಹಾಕಿ ಮೀಟಬೇಡಿ, ಅದು ತೆಳು ತಗಡು, ನೆಗ್ಗಿ ಸೋರುತ್ತದೆ. ಮೀಟುವುದೇನಿದ್ದರೂ ಬ್ರಾಕೆಟ್ಟಿಗೆ. ಪುಲ್ಲಿ ಹಾಕಿ ತೆಗೆಯುವ ಪುಲ್ಲರ್ ಕೊಳ್ಳಬೇಕಾಗಿಲ್ಲ, ಇಲ್ಲಿನ ಆಟೋ ಪಾರ್ಟ್ಸ್ ಅಂಗಡಿಗಳು ಠೇವಣಿ ಇಟ್ಟುಕೊಂಡು ಕೊಡುತ್ತವೆ. ಪ್ರೆಷರ್ ಹೋಸ್ ಮಾತ್ರ ಹೊಸದೇ ಆಗಬೇಕು, ತುದಿಗೆ ಕ್ರಿಂಪ್ ಮಾಡಿದ್ದೇ (ಲೋಹದ ತುದಿಯನ್ನು ಯಂತ್ರದಲ್ಲಿ ಅದುಮಿ ಕೂರಿಸಿದ್ದೇ) ಆಗಬೇಕು. ಪೂರ್ತಿ ತಿರುಗಿಸಿದಾಗ ಅದರೊಳಗಿನ ಒತ್ತಡ 1000 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ದಾಟುತ್ತದೆ. ಸಾಮಾನ್ಯ ಕ್ಲ್ಯಾಂಪ್ ತಡೆಯುವುದಿಲ್ಲ, ಬಿಸಿ ಆಯಿಲ್ ಎಕ್ಸಾಸ್ಟ್ ಮೇಲೆ ಚಿಮ್ಮಿದರೆ ಬೆಂಕಿ. ವಾಪಸ್ ಬರುವ ಹೋಸ್‌ಗೆ ಕ್ಲ್ಯಾಂಪ್ ಸಾಕು.

ಆಯಿಲ್ ಒಳಗಿನ ಗಾಳಿ ತೆಗೆಯುವ ಕೆಲಸಕ್ಕೆ ತಾಳ್ಮೆ ಬೇಕು. ಎಂಜಿನ್ ಆಫ್, ಮುಂದಿನ ಚಕ್ರ ಗಾಳಿಯಲ್ಲಿ, ಡಬ್ಬಿ ತುಂಬ ಪವರ್ ಸ್ಟೀರಿಂಗ್ ಆಯಿಲ್. ಹೆಂಡತಿ ಸೀಟಲ್ಲಿ ಕೂತಳು, ನಾನು ಟಾರ್ಚ್ ಹಿಡಿದು ಡಬ್ಬಿಯೊಳಗೆ ಬಗ್ಗಿ ನೋಡುತ್ತಿದ್ದೆ. "ಪೂರ್ತಿ ಎಡಕ್ಕೆ. ಹಾಂ, ಈಗ ನಿಧಾನಕ್ಕೆ ಬಲಕ್ಕೆ." ಒಂದೊಂದು ಸಲ ತಿರುಗಿಸಿದಾಗಲೂ ತಳದಿಂದ ಗುಳ್ಳೆಗಳ ಸಾಲು ಏಳುತ್ತಿತ್ತು, ಆಯಿಲ್ ಮಟ್ಟ ಇಳಿಯುತ್ತಿತ್ತು. ನಾನು ಮತ್ತೆ ತುಂಬುತ್ತಿದ್ದೆ. "ಸಾಕೇನ್ರೀ?" "ಇನ್ನೂ ಬರ್ತಿದೆ, ತಿರುಗಿಸ್ತಾ ಇರು." ಮೊದಲು ಕಡಲೆ ಗಾತ್ರದ ಗುಳ್ಳೆ, ಆಮೇಲೆ ಸಾಸಿವೆ ಗಾತ್ರ, ಆಮೇಲೆ ಇಲ್ಲ. ಗುಳ್ಳೆ ನಿಂತ ಮೇಲೆಯೇ ಎಂಜಿನ್ ಸ್ಟಾರ್ಟ್ ಮಾಡಿದ್ದು. ಮೊದಲೇ ಸ್ಟಾರ್ಟ್ ಮಾಡಿದರೆ ಪಂಪ್ ಆ ಗಾಳಿಯನ್ನು ಕಡೆದು ಆಯಿಲನ್ನು ನೊರೆ ಮಾಡಿಬಿಡುತ್ತದೆ. ಆಮೇಲೆ ಅದು ಇಳಿಯುವವರೆಗೆ ಸುಮ್ನೆ ಕಾಯಬೇಕು. ಇನ್ನೊಂದು ಮಾತು, ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ ಹಾಗೇ ಹಿಡಿದಿಟ್ಟುಕೊಳ್ಳಬೇಡಿ. ಪಂಪ್ ನರಳುವ ಸದ್ದು ಕೇಳಿದರೆ ಚೂರು ಹಿಂದಕ್ಕೆ ಬಿಡಿ. ಆಯಿಲ್ ಸುಡುವುದು ಅಲ್ಲೇ.

ಇಷ್ಟಾದ ಮೇಲೆ ಎಷ್ಟೋ ಜನ ಮರೆಯುವ ಕೆಲಸ ವೀಲ್ ಅಲೈನ್‌ಮೆಂಟ್, ಅದರಲ್ಲೂ ಕ್ಯಾಸ್ಟರ್, ಅಂದರೆ ಚಕ್ರ ತಿರುಗುವ ಅಕ್ಷ ಹಿಂದಕ್ಕೋ ಮುಂದಕ್ಕೋ ವಾಲಿರುವ ಕೋನ. ಮ್ಯಾನುಯಲ್ ಸ್ಟೀರಿಂಗ್ ಇದ್ದ ಕಾಲದಲ್ಲಿ ತಿರುಗಿಸಲು ಹಗುರ ಆಗಲಿ ಅಂತ ಕ್ಯಾಸ್ಟರ್ ಕಡಿಮೆ ಇಡುತ್ತಿದ್ದರು. ಕಡಿಮೆ ಇದ್ದರೆ ಹೈವೇಯಲ್ಲಿ ಗಾಡಿ ನೇರ ನಿಲ್ಲುವುದಿಲ್ಲ, ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ಪವರ್ ಬಂದ ಮೇಲೆ ಭಾರದ ಚಿಂತೆ ಇಲ್ಲ, ಹಾಗಾಗಿ ಕ್ಯಾಸ್ಟರ್ ಜಾಸ್ತಿ ಮಾಡಬಹುದು. ಈ ಗಾಡಿಯಲ್ಲಿ ಮೇಲಿನ ಕಂಟ್ರೋಲ್ ಆರ್ಮ್‌ನ ಶಾಫ್ಟ್ ಹಿಂದೆ ಶಿಮ್ ತಗಡು ಹಾಕಿ ತೆಗೆದು ಅದನ್ನು ಹೊಂದಿಸುತ್ತಾರೆ. ನಾನು ಹುಡುಕಿದ್ದು ಶಿಮ್ ಹಾಕುವ ಕೆಲಸ ಗೊತ್ತಿರುವ ವಯಸ್ಸಾದ ಮೆಕ್ಯಾನಿಕ್ ಇರುವ ಅಂಗಡಿಯನ್ನು. ಪಾಸಿಟಿವ್ ಕಡೆಗೆ ಮೂರು ಡಿಗ್ರಿಯ ಹತ್ತಿರ, ಎರಡೂ ಚಕ್ರಕ್ಕೆ ಸಮ ಇಡಿ ಅಂತ ಕೇಳಿದೆ. ಬರೀ ಬಾಕ್ಸ್ ಬದಲಿಸಿ ಇದನ್ನು ಬಿಟ್ಟವರು ಆಮೇಲೆ "ಗಾಡಿ ತೇಲುತ್ತೆ" ಅಂತ ಬಾಕ್ಸನ್ನು ಬೈಯುವುದನ್ನು ಕೇಳಿದ್ದೇನೆ. ಬಾಕ್ಸ್‌ನ ಮೇಲಿನ ಅಡ್ಜಸ್ಟ್‌ಮೆಂಟ್ ಸ್ಕ್ರೂ ಬಿಗಿ ಮಾಡಿ ಅದನ್ನು ಸರಿ ಮಾಡಲು ಹೋಗಬೇಡಿ. ಒಳಗಿನ ಹಲ್ಲು ಹಾಳಾಗುತ್ತದೆ, ತೇಲುವುದು ಹಾಗೇ ಉಳಿಯುತ್ತದೆ.

ಹಳೇ ಬಾಕ್ಸ್‌ನ ಅನುಪಾತ (ಪಿಟ್‌ಮನ್ ಶಾಫ್ಟ್ ಒಂದು ಸುತ್ತಿಗೆ ಸ್ಟೀರಿಂಗ್ ಎಷ್ಟು ಸುತ್ತು ಅನ್ನುವ ಲೆಕ್ಕ) ಸುಮಾರು 24:1, ಹೊಸದರದು 17.5:1. ಅಂದರೆ ಭಾರ ಕಡಿಮೆ ಆದದ್ದು ಮಾತ್ರವಲ್ಲ, ಸುತ್ತೂ ಕಡಿಮೆ ಆಯಿತು. ಮೊದಲು ಖಾಲಿ ಮೈದಾನದಲ್ಲಿ ಓಡಿಸಿ ಕೈ ಒಗ್ಗಿಸಿಕೊಳ್ಳಿ. ಹಳೇ ಅಭ್ಯಾಸದಲ್ಲಿ ಎಳೆದರೆ ಗಾಡಿ ಬೇಕಾದ್ದಕ್ಕಿಂತ ಜಾಸ್ತಿ ತಿರುಗುತ್ತದೆ. ನೂರಿನ್ನೂರು ಮೈಲಿ ಓಡಿದ ಮೇಲೆ ಬಾಕ್ಸ್‌ನ ಬೋಲ್ಟುಗಳಿಗೆ, ಪಿಟ್‌ಮನ್ ನಟ್ಟಿಗೆ ಮತ್ತೊಮ್ಮೆ ಟಾರ್ಕ್ ರೆಂಚ್ ಹಾಕಿ ನೋಡಿ. ಎಷ್ಟು ಬಿಗಿ ಅನ್ನುವುದನ್ನು ನಿಮ್ಮ ಬಾಕ್ಸ್‌ನ ಶಾಪ್ ಮ್ಯಾನುಯಲ್ ನೋಡಿಯೇ ಮಾಡಿ, ಕೈ ಅಂದಾಜು ಬೇಡ. ಬೆಲ್ಟ್ ಹೊಸದಾದರೆ ಸ್ವಲ್ಪ ಹಿಗ್ಗಿರುತ್ತದೆ, ಅದನ್ನೂ ಅದೇ ಹೊತ್ತಿಗೆ ಬಿಗಿ ಮಾಡಿ. ಹೋಸ್‌ಗಳ ತುದಿಯನ್ನು ಒಣ ಬಟ್ಟೆಯಲ್ಲಿ ಒರೆಸಿ ಮಾರನೇ ದಿನ ಮತ್ತೆ ಮುಟ್ಟಿ ನೋಡಿ. ಒದ್ದೆ ಇದ್ದರೆ ಅಲ್ಲಿ ಸೋರುತ್ತಿದೆ.