ಟ್ರಾವೆಲ್ ರೈಟರ್ ಅಂದ್ರೆ ಟ್ರಾವೆಲ್ಸ್ ಅಲ್ಲ: ಸುತ್ತಿ ಬಂದಿದ್ದನ್ನ ಬರೆಯೋದು ಹೇಗೆ

ನಾನು ಟ್ರಾವೆಲ್ ರೈಟರ್ ಅಂದ್ರೆ ನಮ್ಮ ಬೀದೀಲಿ ಅರ್ಧ ಜನ ನಾನೇನೋ ಟ್ರಾವೆಲ್ಸ್ ಆಫೀಸ್ ಇಟ್ಕೊಂಡಿದೀನಿ ಅಂದ್ಕೊಂಡಿದಾರೆ. ಹೋದ ವರ್ಷ ಎದುರುಮನೆ ಆಂಟಿ ಬಂದು "ಧರ್ಮಸ್ಥಳಕ್ಕೆ ಒಂದು ಟಿಟಿ ಬೇಕಿತ್ತಮ್ಮ, ಹನ್ನೆರಡು ಜನ, ಕಿಲೋಮೀಟರ್‌ಗೆ ಎಷ್ಟು ಹಾಕ್ತೀಯಾ" ಅಂದ್ರು. ಇಲ್ಲ ಆಂಟಿ, ನಾನು ಬರೆಯೋಳು ಅಂದೆ. "ಬಿಲ್ಲಾ?" ಅಂದ್ರು.

ಆದ್ರೆ ಪ್ರವಾಸ ಹೋಗಿ ಬಂದೋರು ಕೆಲವರು ನನ್ನನ್ನ ಬೇರೆ ಥರ ಕೇಳ್ತಾರೆ, ಅಷ್ಟೆಲ್ಲಾ ಸುತ್ತಿ ಬಂದ್ವಿ, ಬರೆಯೋಕೆ ಕೂತ್ರೆ "ತುಂಬಾ ಚೆನ್ನಾಗಿತ್ತು" ಬಿಟ್ರೆ ಏನೂ ಬರಲ್ಲ, ಏನ್ ಮಾಡೋದು ಅಂತ. ಅವರಿಗೋಸ್ಕರ ನಾನು ಮಾಡೋ ಒಂದಷ್ಟು ಕೆಲಸ ಹೇಳ್ತೀನಿ. ಇದಕ್ಕೆ ಕ್ಯಾಮೆರಾ ಬೇಡ, ದುಡ್ಡೂ ಜಾಸ್ತಿ ಬೇಡ, ಸ್ವಲ್ಪ ನಾಚಿಕೆ ಬಿಡ್ಬೇಕು ಅಷ್ಟೇ.

ಮೊದ್ಲು ಮನೆ ಹತ್ರಾನೇ ಪ್ರಾಕ್ಟೀಸ್ ಮಾಡಿ. ನಾನು ಮೈಸೂರಿನೋಳು, ನನಗೆ ದೇವರಾಜ ಮಾರ್ಕೆಟ್ ಇದೆ, ನಿಮ್ಮೂರಲ್ಲಿ ಸಂತೆ ಇರುತ್ತೆ, ಅದೂ ಇಲ್ಲಾಂದ್ರೆ ಹಾಲಿನ ಬೂತ್ ಸಾಕು. ಚಿಕ್ಕ ಗಡಿಯಾರದ ಕಡೆಯಿಂದ ಒಳಗೆ ಹೋಗಿ, ಫೋನ್ ಬ್ಯಾಗಲ್ಲಿಟ್ಟು, ಅರ್ಧ ಗಂಟೆ ಬರೀ ಕಿವಿ ತೆರ್ಕೊಂಡು ಓಡಾಡಿ, ಆಚೆ ಬಂದು ಕೇಳಿಸ್ಕೊಂಡ ಐದು ಮಾತು ಬರ್ಕೊಳಿ. ಮಾರ್ಕೆಟ್ ಗಿಜಿಗುಡ್ತಿತ್ತು ಅಂತೆಲ್ಲಾ ಬರೀಬೇಡಿ ದಯವಿಟ್ಟು, ಮಾರ್ಕೆಟ್ ಇನ್ನೇನ್ ಮಾಡುತ್ತೆ. ಹೀಗೇ ಒಂದ್ಸಲ ನಿಂತಿದ್ದಾಗ ನನಗೆ ಕಂಡಿದ್ದು ಹೂವಿನ ಮೊಳ. ಮೊಳ ಅಂದ್ರೆ ಮೊಣಕೈಯಿಂದ ಬೆರಳ ತುದಿವರೆಗೆ ತಾನೆ, ಅಂದ್ಮೇಲೆ ಉದ್ದ ಕೈ ಇರೋರ ಹತ್ರ ತಗೊಂಡ್ರೆ ನಮಗೆ ಲಾಭ! ಅವತ್ತಿಂದ ಮಲ್ಲಿಗೆ ತಗೊಳೋಕ್ ಮುಂಚೆ ನಾನು ಹೂವು ನೋಡಲ್ಲ, ಕೈ ನೋಡ್ತೀನಿ. ಒಬ್ಬ ಅಜ್ಜಿ ಇದನ್ನ ಕಂಡುಹಿಡಿದು "ಏನವ್ವಾ ಕೈ ನೋಡ್ತೀಯಾ, ಶಾಸ್ತ್ರ ಹೇಳ್ತೀಯಾ" ಅಂತ ಕೇಳಿದ್ರು, ಆ ಒಂದು ಮಾತಿಂದ ನನಗೆ ಇಡೀ ಲೇಖನ ಸಿಕ್ತು.

ಆಮೇಲೆ ಹೋಗೋ ದಾರಿ. ಸಾಧ್ಯ ಆದಷ್ಟು ಕೆಂಪು ಬಸ್ಸಲ್ಲೇ ಹೋಗಿ. ಕಾರಲ್ಲಿ ಹೋದ್ರೆ ಸಿಗೋದು ನಿಮ್ಮ ಮನೆಯವರ ಜಗಳ ಮಾತ್ರ, ಅದು ಮನೇಲೂ ಸಿಗುತ್ತೆ. ಬಸ್ಸಲ್ಲಿ ಕಿಟಕಿಯಿಂದ ಟವೆಲ್ ಎಸ್ದು ಸೀಟ್ ಹಿಡಿಯೋರು, ಕೋಳಿ ತಂದೋರು, ಇಡೀ ಬಸ್ಸಿಗೆ ಕೇಳೋ ಹಾಗೆ ಫೋನಲ್ಲಿ ಸಂಬಂಧ ಕುದುರಿಸೋರು ಎಲ್ಲಾ ಇರ್ತಾರೆ. ಮುಂಚೆ ಕಂಡಕ್ಟರ್ ಟಿಕೆಟ್ ಹಿಂದೆ ಬಾಕಿ ಚಿಲ್ಲರೆ ಬರ್ದು ಕೊಡ್ತಿದ್ರು, ಇಳಿಯೋವರೆಗೂ ಆ ಏಳು ರೂಪಾಯಿದೇ ಚಿಂತೆ, ಅದೇ ಒಂದು ಕಥೆ ಆಗ್ತಿತ್ತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ್ಮೇಲೆ ನನಗೆ ಸಿಗೋದು ಸೊನ್ನೆ ರೂಪಾಯಿ ಟಿಕೆಟ್, ಚಿಲ್ಲರೆ ಇಲ್ಲ ಚಿಂತೆ ಇಲ್ಲ, ಜೇಬಿಗೆ ಒಳ್ಳೇದೇ ಆದ್ರೆ ಬರಹಕ್ಕೆ ಸ್ವಲ್ಪ ನಷ್ಟಾನೇ ಆಯ್ತು ಅನ್ನಿ. ಆಧಾರ್ ಕಾರ್ಡ್ ಮಾತ್ರ ಮರೀಬೇಡಿ, ಮರೆತ್ರೆ ಚಿಲ್ಲರೆ ಕಥೆ ಮತ್ತೆ ಶುರು.

ದಾರಿ ಕೇಳೋದು ಒಂದು ದೊಡ್ಡ ವಿದ್ಯೆ. ಮ್ಯಾಪ್ ಇದ್ರೂ ಕೇಳಿ, ಯಾಕಂದ್ರೆ ಮ್ಯಾಪ್ ಜೊತೆ ಮಾತು ಬೆಳೆಯಲ್ಲ. ಆದ್ರೆ ದೂರ ಎಷ್ಟು ಅಂತ ಒಬ್ಬರನ್ನೇ ಕೇಳಿ ನಂಬ್ಬೇಡಿ, ಮೂರು ಜನನ್ನ ಕೇಳಿ, ಅದ್ರಲ್ಲಿ ಒಬ್ಬರು ಅಂಗಡಿಯವರಾಗಿರ್ಲಿ. ನಾನು ಬಾದಾಮಿ ರೈಲ್ವೆ ಸ್ಟೇಷನ್ನಲ್ಲಿ ಇಳಿದು ಒಬ್ಬ ಅಜ್ಜನ್ನ ಕೇಳಿದೆ, ಊರು ಎಷ್ಟು ದೂರ ಅಂತ. "ಇಲ್ಲೇ ಐತಿ ಬಿಡವ್ವ, ನಡ್ಕೋತ ಹೋಗು" ಅಂದ. ಅಜ್ಜನ ಲೆಕ್ಕದ "ಇಲ್ಲೇ" ಅಂದ್ರೆ 5 ಕಿಲೋಮೀಟರ್ ಅಂತ ಬ್ಯಾಗ್ ಹೊತ್ಕೊಂಡು ನಡೆದ್ಮೇಲೆ ಗೊತ್ತಾಯ್ತು. ಅವನು ಸುಳ್ಳು ಹೇಳಿಲ್ಲ ಪಾಪ, ದಿನಾ ಹೊಲಕ್ಕೆ ನಡೆಯೋನಿಗೆ ಅದು ಇಲ್ಲೇನೇ. ಊರು ಮುಟ್ಟಿ ಖಾನಾವಳೀಲಿ ಕೂತು ಜೋಳದ ರೊಟ್ಟಿ ಎಣಗಾಯಿ ತಿಂದಿದ್ದು ಇವತ್ತಿಗೂ ನೆನಪಿದೆ, ಗುಹೆ ನೋಡಿದ್ದು ಫೋಟೋ ತೆಗೆದು ನೋಡಿದ್ರೆ ನೆನಪಾಗುತ್ತೆ.

ಎಡವಟ್ಟು ಆದ್ರೆ ಮುಚ್ಚಿಡಬೇಡಿ. ಒಂದ್ ಮಾರ್ಚ್‌ನಲ್ಲಿ ನಮ್ಮತ್ತೇನ ಜೋಗಕ್ಕೆ ಕರ್ಕೊಂಡು ಹೋದೆ, ಟ್ರಾವೆಲ್ ರೈಟರ್ ಸೊಸೆ ಅಂತ ಅವರು ಊರೆಲ್ಲಾ ಹೇಳಿ ಬಂದಿದ್ರು. ಅಲ್ಲಿ ಹೋಗಿ ನೋಡಿದ್ರೆ 253 ಮೀಟರ್ ಬರೀ ಬಂಡೆ, ಅದ್ರ ಮೇಲೆ ನಲ್ಲಿ ಸರಿಯಾಗಿ ನಿಲ್ಸದೇ ಇದ್ದಾಗ ಬರೋವಷ್ಟು ನೀರು. ರಾಜಾ ರಾಣಿ ರೋರರ್ ರಾಕೆಟ್ ನಾಲ್ಕೂ ಜನ ರಜೆ ಮೇಲೆ. ಮೇಲ್ಗಡೆ ಲಿಂಗನಮಕ್ಕಿ ಅಣೆಕಟ್ಟು ಇದೆ, ಶರಾವತಿ ನೀರು ಅಲ್ಲಿ ನಿಂತು ಕರೆಂಟ್ ಆಗೋಕೆ ಹೋಗುತ್ತೆ, ಅದಕ್ಕೇ ಬೇಸಿಗೇಲಿ ಹೀಗೆ ಅಂತ ವಿವರಿಸಿದೆ. ಅತ್ತೆ ಎಲ್ಲಾ ಕೇಳಿ "ಹಂಗಾದ್ರೆ ಮನೇಲೇ ಫ್ಯಾನ್ ಹಾಕ್ಕೊಂಡು ಕೂತಿದ್ರೆ ಜೋಗ ನೋಡ್ದಂಗೇ ಆಗ್ತಿತ್ತಲ್ಲೇ" ಅಂದ್ರು. ನೀವು ಹೋಗೋದಾದ್ರೆ ಮಳೆ ಹಿಡಿದ್ಮೇಲೆ ಹೋಗಿ, ಜುಲೈಯಿಂದ ಸೆಪ್ಟೆಂಬರ್. ಮಂಜು ಮುಚ್ಕೊಂಡು ಆಗ್ಲೂ ಏನೂ ಕಾಣದೇ ಇರ್ಬೋದು, ಸದ್ದಾದ್ರೂ ಕೇಳುತ್ತೆ.

ಮಳೆಗಾಲ ಅಂದ್ರೆ ಮಂಗಳೂರಿನ ಹಗಲು ರೈಲು ಬಿಡಬೇಡಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ ಘಾಟಿ ಇಳಿಯುವಾಗ ಸುಮಾರು 55 ಕಿಲೋಮೀಟರ್‌ನಲ್ಲಿ 57 ಸುರಂಗ. 2021ರಿಂದ ದೊಡ್ಡ ಗಾಜಿನ ವಿಸ್ಟಾಡೋಮ್ ಬೋಗಿನೂ ಇದೆ, ಆದ್ರೆ ನನ್ನ ಕೇಳಿದ್ರೆ ಸಾಮಾನ್ಯ ಬೋಗೀನೇ ಚೆಂದ, ಗಾಜೊಳಗೆ ಮಳೆ ವಾಸನೆ ಬರಲ್ಲ. ನನ್ನೆದುರು ಒಬ್ಬ ಹುಡುಗ ಸುರಂಗ ಎಣಿಸ್ತಿದ್ದ, ನಾನೂ ಎಣಿಸ್ದೆ, ಮಧ್ಯ ಯಾರೋ ಚಿತ್ರಾನ್ನದ ಡಬ್ಬಿ ತೆಗೆದ್ರು, ಕೊನೆಗೆ ಅವನದು 49 ನಂದು 53. ಹೊರಡೋ ಮುಂಚೆ ರೈಲು ಓಡ್ತಿದ್ಯಾ ಅಂತ ನೋಡ್ಕೊಳಿ, 2018ರಲ್ಲೂ 2024ರಲ್ಲೂ ಗುಡ್ಡ ಕುಸಿದು ಈ ದಾರೀಲಿ ರೈಲು ನಿಂತಿತ್ತು.

ಇನ್ನು ಬರ್ಕೊಳೋದು. ಚಿಕ್ಕ ನೋಟ್‌ಬುಕ್ ಒಂದು ಜೇಬಲ್ಲಿರ್ಲಿ, ಅವತ್ತಿಂದು ಅವತ್ತೇ ರಾತ್ರಿ ಬರೀರಿ, ಎಷ್ಟೇ ನಿದ್ದೆ ಬಂದ್ರೂ ಸರಿ. ಏನು ತಿಂದ್ರಿ, ಎಷ್ಟಾಯ್ತು, ಯಾರು ಏನಂದ್ರು, ಎಲ್ಲಿ ಎಡವಿದ್ರಿ, ಇಷ್ಟು ಸಾಕು. ಇತಿಹಾಸ ಎಲ್ಲಾ ಬೋರ್ಡಲ್ಲಿ ಬರೆದಿರುತ್ತೆ, ಅದರದ್ದು ಒಂದು ಫೋಟೋ ತಗೊಂಡ್ರೆ ಆಯ್ತು. ಯಾರದ್ದೋ ಮಾತು ಬರ್ಕೊಳ್ವಾಗ ಅವರ ಭಾಷೇಲೇ ಬರೀರಿ, ಬಾದಾಮಿ ಅಜ್ಜನ್ನ ಮೈಸೂರು ಕನ್ನಡ ಮಾತಾಡಿಸ್ಬೇಡಿ. ಬಸ್ ಟಿಕೆಟ್‌ಗಳದ್ದೂ ಅವತ್ತೇ ಫೋಟೋ ತೆಗೆದಿಡಿ, ಆ ಮೆಷಿನ್ ಟಿಕೆಟ್ ಅಕ್ಷರ ಕೆಲವೇ ತಿಂಗಳಲ್ಲಿ ಮಾಯ ಆಗುತ್ತೆ.

ಮನೆಗೆ ಬಂದ ತಕ್ಷಣ ಜೀನ್ಸ್ ಜೇಬು ಖಾಲಿ ಮಾಡಿ, ಇದನ್ನ ಎಲ್ಲಕ್ಕಿಂತ ಮೊದ್ಲೇ ಹೇಳ್ಬೇಕಿತ್ತು. ಜೋಗದಿಂದ ಬಂದು ನಾನು ಹಾಗೇ ವಾಷಿಂಗ್ ಮೆಷಿನ್‌ಗೆ ಹಾಕ್ಬಿಟ್ಟೆ, ನೋಟ್‌ಬುಕ್ ಸಮೇತ. ತೆಗೆದಾಗ ಅಕ್ಕಿ ಹಿಟ್ಟಿನ ಥರ ಆಗಿತ್ತು, ನಾನು ಅಳೋದೊಂದು ಬಾಕಿ. ಅತ್ತೆ ಏನೂ ಅನ್ನದೇ ಹಾಳೆಗಳನ್ನ ಒಂದೊಂದೇ ಬಿಡಿಸಿ ತಾರಸಿ ಮೇಲೆ ಸಂಡಿಗೆ ಪಕ್ಕ ಒಣಗ್ಹಾಕಿದ್ರು. ಸಂಜೆ ಹೋಗಿ ನೋಡಿದ್ರೆ ಒಂದೇ ಸಾಲು ಓದೋಕಾಗ್ತಿತ್ತು, "ಟೀ 15, ಅತ್ತೆ ಬೇಜಾರು". ಅವರೂ ಓದಿದಾರೆ.