ನಾಯಿ ಜೊತೆ ಕಿಂಡರ್ ಸ್ಕೌಟ್: ಲೀಶ್, ಕೆಸರು ಮತ್ತು ಕೇಸರಿಬಾತ್

ಮ್ಯಾಂಚೆಸ್ಟರ್ ಕಡೆ ಇರುವ ನಮ್ಮವರು ಯಾರಾದರೂ ನಾಯಿ ಸಾಕಿದರೆ, ಸ್ವಲ್ಪ ದಿನದಲ್ಲೇ ನನಗೊಂದು ಫೋನ್ ಬರುತ್ತದೆ. "ಕಿಂಡರ್‌ಗೆ ಕರ್ಕೊಂಡು ಹೋಗಬಹುದಾ?" ಧಾರಾಳವಾಗಿ ಹೋಗಬಹುದು. ನಮ್ಮ ಕರಿಯನಿಗೆ, ಅವನೊಬ್ಬ ಲ್ಯಾಬ್ರಡಾರ್, ಆ ಬೆಟ್ಟ ಅಂದರೆ ಪ್ರಾಣ. ಆದರೆ ಅದು ಊರ ಪಾರ್ಕಲ್ಲ. ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್ ರಾಷ್ಟ್ರೀಯ ಉದ್ಯಾನದ ಅತಿ ಎತ್ತರದ ಜಾಗ, 636 ಮೀಟರ್. 2009ರಿಂದ ರಾಷ್ಟ್ರೀಯ ನಿಸರ್ಗಧಾಮ. ಮೇಲೆ ಮರವಿಲ್ಲ, ನೆರಳಿಲ್ಲ. ಹೆದರ್ ಪೊದೆ, ಹತ್ತಿಹುಲ್ಲು, ಕಪ್ಪು ಪೀಟ್ ಮಣ್ಣು, ಗಾಳಿ, ಅಷ್ಟೇ.

ಮೊದಲು ಲೀಶ್ ವಿಷಯ. ಬೇರೆಲ್ಲ ಮರೆತರೂ ಪರವಾಗಿಲ್ಲ, ಇದನ್ನು ಮರೆಯಬೇಡಿ.

ಇಂಗ್ಲೆಂಡಿನ ಮೂರ್‌ಗಳಲ್ಲಿ, ಅಂದರೆ ಇಂಥ ಮರವಿಲ್ಲದ ಬೆಟ್ಟದ ಬಯಲುಗಳಲ್ಲಿ, ಕಾಲುದಾರಿ ಬಿಟ್ಟು ಎಲ್ಲಿ ಬೇಕಾದರೂ ನಡೆಯುವ ಹಕ್ಕು ಜನರಿಗೆ ಸುಮ್ನೆ ಸಿಗಲಿಲ್ಲ. 1932ರ ಏಪ್ರಿಲ್ 24ರಂದು ನೂರಾರು ಜನ ಹೇಫೀಲ್ಡ್ ಕಡೆಯಿಂದ, ಆಗ ಜಮೀನುದಾರರು ಮುಚ್ಚಿಟ್ಟಿದ್ದ ಇದೇ ಕಿಂಡರ್‌ಗೆ ನುಗ್ಗಿದರು. ಐವರು ಜೈಲಿಗೆ ಹೋದರು. ಹಕ್ಕು ಕಾನೂನಾಗಿ ಬಂದಿದ್ದು 2000ದಲ್ಲಿ. ಆ ಕಾನೂನಿನಲ್ಲೇ ನಾಯಿಗಳಿಗೂ ಒಂದು ಷರತ್ತಿದೆ. ಮಾರ್ಚ್ 1ರಿಂದ ಜುಲೈ 31ರವರೆಗೆ ಇಂಥ ಬಯಲಲ್ಲಿ ಲೀಶ್ ಇರಲೇಬೇಕು, ಅದು ಎರಡು ಮೀಟರ್ ದಾಟಬಾರದು. ಕುರಿ, ದನ ಹತ್ತಿರ ಇದ್ದರೆ ವರ್ಷಪೂರ್ತಿ ಇದೇ ನಿಯಮ. ಎಳೆದಷ್ಟೂ ಬಿಚ್ಚಿಕೊಳ್ಳುವ ಲೀಶ್ ಇದೆಯಲ್ಲ, ಅದನ್ನು ಮನೆಯಲ್ಲೇ ಬಿಡಿ. ಹೆದರ್‌ಗೆ ಸಿಕ್ಕಿಕೊಂಡರೆ ಬಿಡಿಸುವಷ್ಟರಲ್ಲಿ ಮಳೆ ಬಂದಿರುತ್ತದೆ. ಗ್ರೌಸ್ ಹಕ್ಕಿ ಬೇಟೆಯಾಡುವ ಅಕ್ಕಪಕ್ಕದ ಕೆಲವು ಮೂರ್‌ಗಳಲ್ಲಿ ನಾಯಿಗೆ ಪ್ರವೇಶವೇ ಇರುವುದಿಲ್ಲ. ಗೇಟಿನ ಮೇಲಿನ ಬೋರ್ಡ್ ಓದಿ ಮುಂದೆ ಹೋಗಿ.

ಯಾಕಿಷ್ಟು ಬಿಗಿ ಅಂದರೆ, ಇಲ್ಲಿನ ಹಕ್ಕಿಗಳು ನೆಲದ ಮೇಲೇ ಗೂಡು ಮಾಡುತ್ತವೆ. ಗೋಲ್ಡನ್ ಪ್ಲವರ್‌ನ ಗೂಡು ಅಂದರೆ ಒಂದು ಸಣ್ಣ ಗುಣಿ, ಅದರಲ್ಲಿ ಮಚ್ಚೆಮಚ್ಚೆಯ ನಾಲ್ಕು ಮೊಟ್ಟೆ. ಎರಡು ಹೆಜ್ಜೆ ದೂರದಲ್ಲಿ ನಿಂತರೂ ನಿಮಗೆ ಕಾಣುವುದಿಲ್ಲ. ನಾಯಿಯ ಮೂಗಿಗೆ ಗೊತ್ತಾಗುತ್ತದೆ. ನಾಯಿ ಮೊಟ್ಟೆ ಮುಟ್ಟಲೇಬೇಕು ಅಂತಿಲ್ಲ. ಕಾವು ಕೂತ ಹಕ್ಕಿ ಹೆದರಿ ಎದ್ದುಹೋದರೆ ಆ ಗಾಳಿಗೆ ಮೊಟ್ಟೆ ತಣ್ಣಗಾಗುತ್ತದೆ. ನಿಮ್ಮ ಮುಂದೆ ಒಂದು ಹಕ್ಕಿ ರೆಕ್ಕೆ ಮುರಿದಂತೆ ಕುಂಟುತ್ತಾ ಓಡಿದರೆ ಗೂಡು ಹತ್ತಿರದಲ್ಲೇ ಇದೆ ಅಂತ ಅರ್ಥ. ನಿಂತು ನೋಡಬೇಡಿ, ಫೋಟೋನೂ ಬೇಡ, ದಾರಿಯಲ್ಲೇ ಮುಂದೆ ಹೋಗಿಬಿಡಿ.

ನಾನಂತೂ ಆಗಸ್ಟ್ ಆಚೆಗೂ ಮೇಲೆ ಲೀಶ್ ಬಿಚ್ಚುವುದಿಲ್ಲ. ಅಲ್ಲಿ ಬೆಟ್ಟದ ಮೊಲಗಳಿವೆ, ಚಳಿಗಾಲದಲ್ಲಿ ಬೆಳ್ಳಗಾಗುತ್ತವೆ. ಮೊಲ ಕಂಡ ಲ್ಯಾಬ್ರಡಾರ್‌ಗೆ ಕಿವಿ ಕೇಳಿಸುವುದಿಲ್ಲ. "ಪಾಪ, ಓಡಾಡಿಕೊಳ್ಳಲಿ ಬಿಡ್ರೀ" ಅನ್ನುವವರಿದ್ದಾರೆ. ಹದಿಮೂರು ಕಿಲೋಮೀಟರ್ ಮೂಸುತ್ತಾ ನಡೆಯುವ ನಾಯಿ ಪಾಪ ಹೇಗಾಗುತ್ತದೋ ನನಗೆ ತಿಳಿಯದು. ಕುತ್ತಿಗೆ ಪಟ್ಟಿಗೆ ಲೀಶ್ ಹಾಕುವ ಬದಲು ಬೆನ್ನ ಮೇಲೆ ಹಿಡಿ ಇರುವ ಹಾರ್ನೆಸ್ ಹಾಕಿ. ಬಂಡೆ, ಬೇಲಿ ದಾಟಿಸುವಾಗ ಸೂಟ್‌ಕೇಸಿನಂತೆ ಎತ್ತಬಹುದು. ಪಟ್ಟಿಯೂ ಇರಲಿ, ಅದರಲ್ಲಿ ನಿಮ್ಮ ಹೆಸರು, ವಿಳಾಸ ಇರುವುದು ಕಾನೂನು.

ಇನ್ನು ದಾರಿ. ಮ್ಯಾಂಚೆಸ್ಟರ್ ಅಥವಾ ಶೆಫೀಲ್ಡ್‌ನಿಂದ ರೈಲಿನಲ್ಲಿ ಬೆಟ್ಟದ ಬುಡದ ಈಡೇಲ್ ಹಳ್ಳಿಗೆ ಬನ್ನಿ. ನಾಯಿಗೆ ಟಿಕೆಟ್ ಇಲ್ಲ. ಅಲ್ಲಿಂದ ಪೆನ್ನೈನ್ ವೇ ಅನ್ನುವ ಕಾಲುದಾರಿ ಹಿಡಿದು ಅಪ್ಪರ್ ಬೂತ್ ಹಳ್ಳಿ, ಆಮೇಲೆ ಹಳೇ ಕಲ್ಲಿನ ಸೇತುವೆ ದಾಟಿ ಜೇಕಬ್ಸ್ ಲ್ಯಾಡರ್. ಹೆಸರು ಏಣಿ ಅಂತಿದ್ದರೂ ಅವು ಕಲ್ಲಿನ ಮೆಟ್ಟಿಲು, ನಾಯಿ ನಿಮಗಿಂತ ಬೇಗ ಹತ್ತುತ್ತದೆ. ಮೇಲೆ ಬಂದ ಮೇಲೆ ಬಲಕ್ಕೆ ತಿರುಗಿ ಅಂಚಿನ ದಾರಿಯಲ್ಲೇ ನೋ ಸ್ಟೂಲ್, ಪಿಮ್ ಚೇರ್, ವೂಲ್ ಪ್ಯಾಕ್ಸ್, ಕ್ರೌಡನ್ ಟವರ್. ಇವೆಲ್ಲ ಗಾಳಿ, ಮಳೆಗೆ ಸವೆದ ಬಂಡೆಗಳು. ಇಳಿಯುವಾಗ ಎಲ್ಲರೂ ಗ್ರಿಂಡ್ಸ್‌ಬ್ರೂಕ್ ಕಣಿವೆಗೆ ಹೋಗುತ್ತಾರೆ. ನಾಯಿ ಇದ್ದರೆ ನೀವು ಹೋಗಬೇಡಿ. ಅದರ ತಲೆಭಾಗದಲ್ಲಿ ದೊಡ್ಡ ದೊಡ್ಡ ಬಂಡೆ, ಒದ್ದೆಯಾದರೆ ಜಾರುತ್ತದೆ. ನಾಯಿಯ ಕಾಲು ಸಂದಿಗೆ ಸಿಕ್ಕರೆ ಮೂವತ್ತು ಕಿಲೋ ಹೊತ್ತು ಇಳಿಯುವವರು ನೀವೇ. ಗ್ರಿಂಡ್ಸ್‌ಲೋ ನಾಲ್ ಗುಡ್ಡದ ಮೇಲಿಂದ ಇಳಿಯಿರಿ. ಕಡಿದಾಗಿದೆ, ಮಂಡಿ ಬೈಯುತ್ತದೆ, ಆದರೆ ದಾರಿ ನೇರ.

ನಡುವಿನ ಬಯಲಿಗೆ ಅಡ್ಡ ಹೋಗುವ ಸಾಹಸ ಬೇಡ. ಮಂಜು ಕವಿದರೆ ಎಲ್ಲ ದಿಕ್ಕೂ ಒಂದೇ. ಆಳೆತ್ತರದ ಪೀಟ್ ಕೊರಕಲುಗಳು, ಅವುಗಳೊಳಗೆ ಇಳಿದರೆ ದಿಕ್ಕೂ ಇಲ್ಲ, ಫೋನಿಗೆ ಸಿಗ್ನಲ್ಲೂ ಇಲ್ಲ. ಆರ್ಡ್‌ನೆನ್ಸ್ ಸರ್ವೆಯ ಓಎಲ್ 1 ನಕ್ಷೆ, ದಿಕ್ಸೂಚಿ ಇಟ್ಟುಕೊಳ್ಳಿ. ತೊಂದರೆಯಾದರೆ 999ಕ್ಕೆ ಕರೆಮಾಡಿ ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಅಂತ ಕೇಳಬೇಕು.

ಆ ಕೊರಕಲುಗಳಲ್ಲಿ ಅಲ್ಲಲ್ಲಿ ಕಲ್ಲಿನ ಪುಟ್ಟ ಒಡ್ಡು ಕಾಣುತ್ತವೆ, ಹಿಂದೆ ಕಂದು ನೀರು ನಿಂತಿರುತ್ತದೆ. ಕರಿಯ ಅದನ್ನು ತನಗೇ ಕಟ್ಟಿಸಿದ ಈಜುಕೊಳ ಅಂದುಕೊಂಡಿದ್ದಾನೆ. ಅಸಲಿಗೆ ಕಾರ್ಖಾನೆಗಳ ಹೊಗೆಯಿಂದ ಇಲ್ಲಿನ ಸ್ಫ್ಯಾಗ್ನಮ್ ಪಾಚಿ ಸತ್ತು, ಪೀಟ್ ಬರಿದಾಗಿ ಕೊಚ್ಚಿಹೋಗುತ್ತಿತ್ತು. ಈಗ ನೀರು ತಡೆದು, ಪಾಚಿಯನ್ನು ಕೈಯಲ್ಲಿ ಒಂದೊಂದು ಹಿಡಿ ನೆಟ್ಟು ಮತ್ತೆ ಬೆಳೆಸುತ್ತಿದ್ದಾರೆ. ನಾಯಿ ಒಂದು ಸಲ ಧುಮುಕಿದರೆ ಆ ಹಿಡಿಗಳು ಕಿತ್ತುಬರುತ್ತವೆ. ಇನ್ನೊಂದು ಕಾರಣವೂ ಇದೆ. ಚಿಗಟಕ್ಕೆ ಅಂತ ಕತ್ತಿನ ಮೇಲೆ ಹನಿಸುವ ಔಷಧಿ ಕೀಟನಾಶಕ ತಾನೇ? ನೀರಿಗೆ ಇಳಿದರೆ ಅದು ನೀರಿನ ಹುಳುಗಳನ್ನೂ ಕೊಲ್ಲುತ್ತದೆ. ನಾನು ಹಾಗಾಗಿ ಪಶುವೈದ್ಯರನ್ನು ಕೇಳಿ ಮಾತ್ರೆಗೆ ಬದಲಾಯಿಸಿದೆ.

ಕಕ್ಕದ ವಿಷಯಕ್ಕೂ ಇದೇ ಲೆಕ್ಕ. "ಗೊಬ್ಬರ ಆಗುತ್ತೆ ಬಿಡಿ" ಅಂತೀರಾ? ಅದೇ ತೊಂದರೆ. ಹೆದರ್, ಪಾಚಿ ಬದುಕುವುದೇ ಸತ್ವವಿಲ್ಲದ ಮಣ್ಣಿನಲ್ಲಿ. ಗೊಬ್ಬರ ಬಿದ್ದರೆ ಹುಲ್ಲು ಮೇಲೆ ಬರುತ್ತದೆ. ಮೇಲೆ ಕಸದ ಬುಟ್ಟಿ ಇಲ್ಲ. ಚೀಲ ಕಟ್ಟಿ, ಮುಚ್ಚಳ ಬಿಗಿಯಾದ ಹಳೇ ಉಪ್ಪಿನಕಾಯಿ ಡಬ್ಬಿಯಲ್ಲಿ ಹಾಕಿ ಕೆಳಗೆ ತನ್ನಿ. ವಾಸನೆ ಬರುವುದಿಲ್ಲ. ಡಬ್ಬಿ ಮೇಲೆ ದೊಡ್ಡದಾಗಿ ಗುರುತು ಹಾಕಿ, ಯಾಕೆ ಅಂತ ಹೇಳಬೇಕಿಲ್ಲ ಅಲ್ವಾ?

ಬುತ್ತಿ ಬಗ್ಗೆ ನಮ್ಮವರಿಗೇ ಬೇಕಾದ ಮಾತೊಂದು. ಕೇಸರಿಬಾತ್‌ನಲ್ಲಿರುವ ಒಣದ್ರಾಕ್ಷಿ ನಾಯಿಗೆ ವಿಷ, ಕಿಡ್ನಿ ಹೋಗಬಹುದು. ಈರುಳ್ಳಿ ಹಾಕಿದ ಚಿತ್ರಾನ್ನ, ಉಪ್ಪಿಟ್ಟು ಕೂಡ ಬೇಡ. ನಮ್ಮಮ್ಮ ಊರಿಂದ ಬಂದಾಗ ಕರಿಯನಿಗೆ ಸಪ್ಪೆ ಮೊಸರನ್ನ ಬೇರೆಯೇ ಡಬ್ಬಿಯಲ್ಲಿ ಕಟ್ಟುತ್ತಾರೆ, ಒಗ್ಗರಣೆ ಇಲ್ಲದ್ದು. ಅದು ಸರಿ. ನೀರು ಮನೆಯಿಂದಲೇ ಒಯ್ಯಿರಿ.

ದನಗಳ ಹತ್ತಿರ, ಅದರಲ್ಲೂ ಕರು ಇದ್ದರೆ, ದೂರದಿಂದ ಸುತ್ತುಹಾಕಿ. ಅಟ್ಟಿಸಿಕೊಂಡು ಬಂದರೆ ಆಗ ಮಾತ್ರ ಲೀಶ್ ಕೈಬಿಡಿ. ಅವುಗಳ ಕೋಪ ನಾಯಿ ಮೇಲೆ, ನಾಯಿ ಓಡಿ ಪಾರಾಗುತ್ತದೆ, ನೀವು ಪಾರಾಗುವುದಿಲ್ಲ. ಕುರಿಯ ವಿಷಯ ಬೇರೆ. ಈಡೇಲ್ ಕಣಿವೆಯಲ್ಲಿ ಏಪ್ರಿಲ್ ಹೊತ್ತಿಗೆ ಮರಿಗಳು ತುಂಬಿರುತ್ತವೆ. ಕುರಿ ಅಟ್ಟುವ ನಾಯಿಗೆ ಬೇರೆ ದಾರಿಯಿಲ್ಲದಾಗ ರೈತ ಗುಂಡು ಹಾರಿಸಿದರೂ ಕಾನೂನು ಅವನ ಕಡೆಗೇ ನಿಲ್ಲಬಹುದು.

ಕೆಳಗೆ ಬಂದ ಮೇಲೆ ಉಣ್ಣಿ ಹುಡುಕಿ. ಕಿವಿಯ ಒಳಗೆ, ಕಂಕುಳು, ತೊಡೆಸಂದಿ, ಬೆರಳ ಸಂದಿ. ಸೀಮೆಎಣ್ಣೆ, ಬೆಂಕಿಕಡ್ಡಿ ಎಲ್ಲ ಬೇಡ. ಉಣ್ಣಿ ಕೀಳುವ ಕೊಕ್ಕೆ ಅಗ್ಗಕ್ಕೆ ಸಿಗುತ್ತದೆ, ಚರ್ಮಕ್ಕೆ ತಾಗಿಸಿ ತಿರುಗಿಸುತ್ತಾ ಎತ್ತಿದರೆ ತಲೆ ಸಮೇತ ಬರುತ್ತದೆ. ನಿಮ್ಮ ಕಾಲನ್ನೂ ನೋಡಿಕೊಳ್ಳಿ, ಲೈಮ್ ರೋಗ ಮನುಷ್ಯರಿಗೂ ಬರುತ್ತದೆ. ಆಮೇಲೆ ಹೊಟ್ಟೆ, ಕಾಲು ಚೆನ್ನಾಗಿ ಒರೆಸಿ. ಒದ್ದೆ ಹೊಟ್ಟೆಯಲ್ಲಿ ನಾಯಿಗೆ ಬೇಗ ಚಳಿ ಹತ್ತುತ್ತದೆ. ಎರಡು ಟವೆಲ್ ಇರಲಿ: ಒಂದು ಒರೆಸಲು, ಇನ್ನೊಂದು ರೈಲಿನ ನೆಲಕ್ಕೆ ಹಾಸಲು. ಸೀಟಿನ ಮೇಲೆ ನಾಯಿ ಕೂರುವಂತಿಲ್ಲ, ಮತ್ತು ಪೀಟ್ ಕಲೆ ಪಕ್ಕದವರ ಪ್ಯಾಂಟಿನಿಂದ ಹೋಗುವುದಿಲ್ಲ.